ತಮ್ಮ ಹುಳಿಗಿಟ್ಟಿದ್ದ ಸೈಡರ್

ಆ ಶನಿವಾರ ಬೆಳಿಗ್ಗೆ ಎಂಟೂವರೆಗೆ ನಾನು ನಮ್ಮ ಪುಟ್ಟ ಪ್ರಾರ್ಥನಾಮಂದಿರ ಚಾಪೆಲ್ಲಿನ ಹಿತ್ತಾಳೆಯ ಹೂದಾನಿಗಳನ್ನು ಉಜ್ಜುತ್ತಿದ್ದೆ. ಫೋನು ಬಂತು. ಎತ್ತಿದಾಗ ಆ ಕಡೆ ಡೆನ್ನಿಸ್ ಗ್ವಿಲಿಯಮ್. ಊರಿನ ದೊಡ್ಡ ಚರ್ಚಿನಲ್ಲಿ ಗಂಟೆ ಬಾರಿಸುವ ತಂಡಕ್ಕೆ ಅವರು ಮುಖ್ಯಸ್ಥರು. ನನ್ನ ತಮ್ಮ ಆಂಬ್ರೋಸನಿಗೆ ಹಳೆಯ ಗೆಳೆಯರು. ನನಗೆ ಅವರು ಫೋನು ಮಾಡಿದ್ದು ಅದೇ ಮೊದಲು.

"ಮಿಸ್ ಪ್ರೋಬರ್ಟ್, ಕೂತಿದೀರಾ?"

"ನಿಂತಿದೀನಿ. ಹೇಳಿ."

"ಕೂತ್ಕೊಳ್ಳಿ ಮೊದಲು."

ನಾನು ಕೂರಲಿಲ್ಲ. ಅಷ್ಟರಲ್ಲೇ ಗೊತ್ತಾಗಿತ್ತು.

ಹಿಂದಿನ ಸಂಜೆ ಗಂಟೆಯ ಅಭ್ಯಾಸಕ್ಕೆ ಆಂಬ್ರೋಸ್ ಹೋಗಿರಲಿಲ್ಲ. ನೆಗಡಿಯಿರಬೇಕು ಎಂದುಕೊಂಡು ಉಳಿದ ಐವರೇ ಬಾರಿಸಿ ಮನೆಗೆ ಹೋಗಿದ್ದರು. ಬೆಳಿಗ್ಗೆ ಗ್ವಿಲಿಯಮ್ ಹೋಗಿ ಹಿಂಬಾಗಿಲಿನ ಗಾಜಿನಿಂದ ಇಣುಕಿದಾಗ ಅವನು ಅಡುಗೆಮನೆಯ ಕುರ್ಚಿಯಲ್ಲಿ ಕುಳಿತಿದ್ದ. ಒಂದು ಕಾಲಿಗೆ ಬೂಟು ಹಾಕಿಯಾಗಿತ್ತು. ಇನ್ನೊಂದು ಬೂಟು ತೊಡೆಯ ಮೇಲಿತ್ತು. ಅಭ್ಯಾಸಕ್ಕೆ ಹೊರಟವನು ಹೊರಟ ಹಾಗೆಯೇ ಹೋಗಿದ್ದ. ಹೃದಯ ನಿಂತಿದೆ, ನೋವು ತಿಳಿದಿರಲಾರದು ಎಂದು ವೈದ್ಯರು ಹೇಳಿದರು. ಅವರು ಎಲ್ಲರ ಮನೆಯಲ್ಲೂ ಹಾಗೆ ಹೇಳುತ್ತಾರೆ. ಆದರೂ ಕೇಳಿ ಸಮಾಧಾನವಾಯಿತು.

ನನಗೆ ಆಗ ಎಪ್ಪತ್ತನಾಲ್ಕು ವರ್ಷ. ಅವನಿಗೆ ಎಪ್ಪತ್ತು ತುಂಬಲು ಆರು ವಾರ ಬಾಕಿ ಇತ್ತು. ನಾನು ಮದುವೆಯಾದವಳಲ್ಲ. ಅವನ ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಒಂದೇ ಊರಿನಲ್ಲಿ, ಅರ್ಧ ಮೈಲಿ ಅಂತರದಲ್ಲಿ ಇದ್ದೆವು. ಆದರೆ ಅವನ ಮನೆಯ ಮೇಜಿಗೆ ನಾನು ಊಟಕ್ಕೆ ಕುಳಿತವಳಲ್ಲ. ಅದಕ್ಕೆ ಕಾರಣ ಅವನು ಮನೆಯಲ್ಲಿ ಮಾಡುತ್ತಿದ್ದ ಸೈಡರ್, ಸೇಬಿನ ರಸವನ್ನು ಹುಳಿಸಿ ಮಾಡುವ ಮದ್ಯ. ನಾನು ಹನ್ನೆರಡನೆಯ ವಯಸ್ಸಿನಲ್ಲಿ ನಮ್ಮ ಮೆಥಡಿಸ್ಟ್ ಚಾಪೆಲ್ಲಿನಲ್ಲಿ ದೇವರ ಮುಂದೆ ಸಹಿ ಹಾಕಿದವಳು: ಮದ್ಯ ಕುಡಿಯುವುದಿಲ್ಲ, ಅದಿರುವ ಪಂಕ್ತಿಯಲ್ಲಿ ಕೂರುವುದಿಲ್ಲ ಎಂದು. ಅವನ ಮದುವೆಯ ಊಟದಲ್ಲೂ ಬಾಟಲಿ ಬಂದಾಗ ಎದ್ದು ಹೋಗಿದ್ದೆ.

ಹೊಸ ವರ್ಷದ ದಿನ ಅವನು ನನ್ನ ಮನೆಗೆ ಬಂದಿದ್ದ. ಬಾಗಿಲಲ್ಲೇ ನಿಂತು ಮಾತಾಡಿದ. ನನ್ನ ಹೆಸರು ಹೆಸ್ಟರ್, ಅವನ ಬಾಯಲ್ಲಿ ಹೆಸ್ಸಿ.

"ಹೆಸ್ಸಿ, ಫೆಬ್ರವರಿ ಇಪ್ಪತ್ತೊಂದಕ್ಕೆ ಎಪ್ಪತ್ತಾಗತ್ತೆ ನಂಗೆ. ಊಟಕ್ಕೆ ಬಾ. ಗಂಟೆಯವರೂ ಬರ್ತಾರೆ."

"ಮೇಜಿನ ಮೇಲೆ ಅದು ಇರತ್ತಾ?"

"ಇರದೆ? ಸೋಮವಾರ ಹಾಕ್ತಿದೀನಿ, ಆ ದಿನಕ್ಕೇ ಅಂತ."

"ಹಾಗಾದ್ರೆ ನಾನು ಬರಲ್ಲ."

"ನಲವತ್ತು ವರ್ಷದಿಂದ ಒಂದೇ ಪಾಠ ಒಪ್ಪಿಸ್ತೀಯಲ್ಲೇ! ಬೇರೆ ಪುಟ ತಿರುಗಿಸೇ ಮಹರಾಯ್ತಿ." ನಕ್ಕು ಟೋಪಿ ಹಾಕಿಕೊಂಡ. "ಬರದಿದ್ರೆ ಬಿಡು."

ನಮ್ಮಿಬ್ಬರ ನಡುವೆ ಆಡಿದ ಕೊನೆಯ ಮಾತು ಇದು. ಇದಕ್ಕಿಂತ ಒಳ್ಳೆಯದು ಯಾವುದಾದರೂ ಇತ್ತೇ ಎಂದು ಎಷ್ಟೋ ಸಲ ಹುಡುಕಿದ್ದೇನೆ. ಇರಲಿಲ್ಲ.

ಆ ಶನಿವಾರ ಹೆಣವನ್ನು ಒಯ್ದ ಮೇಲೆ ನಾನು ಅವನ ಮನೆಯಲ್ಲಿ ಮಾಡಬೇಕಾದ್ದನ್ನು ಮಾಡಿದೆ. ನಮ್ಮ ಕಡೆ ಸಾವಾದ ಮನೆಯ ಕಿಟಕಿಗಳನ್ನು ತೆರೆದಿಡುತ್ತಾರೆ, ಹೋಗುವ ಜೀವಕ್ಕೆ ದಾರಿಯಿರಲೆಂದು. ಬೆಂಕಿಯನ್ನೂ ಆರಿಸುತ್ತಾರೆ. ಚಾಪೆಲ್ಲಿನಲ್ಲಿ ಇದನ್ನು ಹೇಳಿಕೊಡುವುದಿಲ್ಲ, ಅಮ್ಮ ಹೇಳಿಕೊಟ್ಟಿದ್ದು. ಅಪ್ಪನಿಗೂ ಅಮ್ಮನಿಗೂ ನಾನೇ ಹಾಗೆ ಮಾಡಿದ್ದೆ. ಮೇಲಿನದು ಕೆಳಗಿನದು ಎನ್ನದೆ ಎಲ್ಲ ಕಿಟಕಿಗಳನ್ನೂ ಒಂದೊಂದು ಗೇಣು ತೆರೆದೆ. ಮನೆಯನ್ನು ಬೆಚ್ಚಗಿಡುವ ಬಾಯ್ಲರನ್ನು ಆರಿಸಿದೆ. ಕೊಳಾಯಿಗಳು ಹೆಪ್ಪುಗಟ್ಟಿ ಒಡೆಯಬಾರದೆಂದು ನೀರನ್ನೂ ಬೀದಿಯ ತಿರುಪಿನಲ್ಲೇ ನಿಲ್ಲಿಸಿದೆ. ಸಂಸ್ಕಾರ ಮುಗಿಯುವವರೆಗೆ ಕಿಟಕಿ ಮುಚ್ಚುವಂತಿಲ್ಲ. ಎರಡು ದಿನಕ್ಕೆಲ್ಲ ಹಿಮ ಬಿತ್ತು. ಹೆರೆಫರ್ಡಿನ ಕಡೆ ಮುದುಕರಾದ ನಾವು ಯಾರೂ ಕಂಡಿರದ ಚಳಿ ಅದು. ಆ ಮನೆ ಹತ್ತು ದಿನ ಹಾಗೆ ತೆರೆದುಕೊಂಡೇ ಇತ್ತು.

ಚಾಪೆಲ್ಲಿನಲ್ಲಿ ಪ್ರಾರ್ಥನೆಯಾಗಿ, ಹೆರೆಫರ್ಡಿನಲ್ಲಿ ದಹನವಾಯಿತು. ನೆಲ ಕಲ್ಲಿನಂತಾಗಿದ್ದರಿಂದ ಬೂದಿಯನ್ನು ಆಮೇಲೆ ಅಪ್ಪ ಅಮ್ಮನ ಪಕ್ಕ ಇಡೋಣವೆಂದು ನಿಶ್ಚಯವಾಯಿತು. ಯಾವ ದಿನ ಎಂದು ಪಾದ್ರಿಗಳು ಕೇಳಿದಾಗ ಬಾಯಿಗೆ ಬಂದದ್ದು ಫೆಬ್ರವರಿ ಇಪ್ಪತ್ತೊಂದು.

"ಅವತ್ತೇ ನಾವೂ ಬಾರಿಸ್ತೀವಿ ಮಿಸ್ ಪ್ರೋಬರ್ಟ್," ಎಂದರು ಗ್ವಿಲಿಯಮ್. ಗಂಟೆಯವರಲ್ಲಿ ಒಬ್ಬ ಸತ್ತರೆ ಗಂಟೆಯ ನಾಲಗೆಗೆ ಒಂದು ಬದಿ ಚರ್ಮ ಕಟ್ಟಿ ಬಾರಿಸುವ ಪದ್ಧತಿಯಿದೆ. ಒಂದು ಏಟು ಗಟ್ಟಿ, ಮರು ಏಟು ದೂರದಿಂದ ಬಂದಂತೆ. "ಬಾರಿಸಿ ಆದ್ಮೇಲೆ ಅವನು ಹಾಕಿಟ್ಟಿದ್ದನ್ನ ಕುಡೀತೀವಿ. ಅವನ ಹುಟ್ಟಿದ ದಿನಕ್ಕೇ ಅಂತ ಹಾಕಿದ್ದು. ನಿಮಗೆ ಬೇಜಾರಿಲ್ಲ ತಾನೆ?"

ನಾನು ಕೈಚೀಲ ಎತ್ತಿಕೊಂಡು ಹೊರಟೆ.

ಅವನದು ಊರಾಡಳಿತದ ಕೌನ್ಸಿಲ್ಲಿನವರ ಬಾಡಿಗೆ ಮನೆ. ಸಂಸ್ಕಾರವಾದ ವಾರದ ಶನಿವಾರದೊಳಗೆ ಬೀಗದ ಕೈ ಒಪ್ಪಿಸಬೇಕಿತ್ತು. ಸಂಸ್ಕಾರದ ಮರುದಿನ ನಾನು ಒಬ್ಬಳೇ ಖಾಲಿ ಮಾಡಲು ಹೋದೆ. ಕಿಟಕಿಗಳನ್ನು ಮುಚ್ಚಿ, ಬಟ್ಟೆಗಳನ್ನು ಮಡಿಸಿದೆ. ಬಿಸಿನೀರಿನ ಟ್ಯಾಂಕಿರುವ ಕಪಾಟನ್ನು ತೆರೆದಾಗ ಅದು ಕಂಡಿತು. ಐದು ಗ್ಯಾಲನ್ನಿನ ಬಿಳಿ ಪ್ಲಾಸ್ಟಿಕ್ ಬಕೆಟ್ಟು, ಮೇಲೆ ಬಿಗಿಯಾದ ಮುಚ್ಚಳ, ಮುಚ್ಚಳದಲ್ಲಿ ನೀರು ತುಂಬಿದ ಬಾಗಿದ ಕೊಳವೆ. ಒಳಗಿನ ಗಾಳಿ ಆ ನೀರಿನಲ್ಲಿ ಗುಳುಗುಳು ಎನ್ನುತ್ತ ಹೊರಗೆ ಹೋಗಬೇಕು. ಸದ್ದೇ ಇರಲಿಲ್ಲ.

ದೇವರ ಎದುರು ನಿಜ ಹೇಳಬೇಕು: ನನಗೆ ಮೊದಲು ಬಂದ ಯೋಚನೆ ಅದನ್ನು ಮೋರಿಗೆ ಚೆಲ್ಲುವುದು. ಬೀದಿಗೆ ಹೋಗಿ ನೀರು ಬಿಟ್ಟು ಬಂದೆ. ಬಕೆಟ್ಟನ್ನು ಸಿಂಕಿನವರೆಗೆ ಎಳೆದು ತಂದು ಮುಚ್ಚಳಕ್ಕೆ ಕೈಹಾಕಿದ್ದೆ. ಆಗ ಗ್ವಿಲಿಯಮ್ ಹಿಂಬಾಗಿಲಿನಿಂದ ಬಂದರು.

"ಅಯ್ಯಯ್ಯೋ! ಅದ್ಯಾಕೆ ಅದಕ್ಕೆ ಕೈ ಹಾಕಿದ್ರಿ?"

"ಮನೆ ಖಾಲಿ ಮಾಡ್ತಿದೀನಿ."

"ಮನೆ ಖಾಲಿ ಮಾಡಿ. ಬಕೆಟ್ಟು ಖಾಲಿ ಮಾಡಬೇಡಿ. ಆರು ಜನ ಕಾಯ್ತಿದೀವಿ ಇದಕ್ಕೆ." ಬೆರಳು ಮಡಚಿ ಎಣಿಸಿ, "ಐದು ಜನ," ಎಂದರು.

ಮುಚ್ಚಳ ತೆಗೆದು ಮೂಸಿದರು. ಆಂಬ್ರೋಸನ ಸಾಮಾನಿನಿಂದ ಒಂದು ಗಾಜಿನ ಕಡ್ಡಿ ಹುಡುಕಿ ತೆಗೆದರು. ಹಾಲಿಗೆ ನೀರು ಬೆರೆಸಿದ್ದಾರೋ ಎಂದು ನೋಡುವ ಕಡ್ಡಿಯ ಹಾಗೇ, ಮೈಮೇಲೆ ಅಂಕಿಗಳಿದ್ದವು. ರಸದಲ್ಲಿ ಸಕ್ಕರೆ ಹೆಚ್ಚಿದ್ದಷ್ಟು ಅದು ಮೇಲೆ ತೇಲುತ್ತದೆ. ಸಕ್ಕರೆ ಮದ್ಯವಾದಂತೆ ಕೆಳಗಿಳಿಯುತ್ತದೆ. ಎತ್ತರದ ಲೋಟದಲ್ಲಿ ರಸ ತುಂಬಿ ಕಡ್ಡಿ ಬಿಟ್ಟರು. ಅಲ್ಲೇ ಗೂಟಕ್ಕೆ ತೂಗುಹಾಕಿದ್ದ, ಆಂಬ್ರೋಸ್ ಈ ಅಂಕಿಗಳನ್ನು ಬರೆದಿಡುತ್ತಿದ್ದ ಪುಸ್ತಕವನ್ನೂ ನೋಡಿದರು.

"ಸೋಮವಾರ ಸಾವಿರದ ನಲವತ್ತಾರು ಇತ್ತು. ಗುರುವಾರ ಸಾವಿರದ ಇಪ್ಪತ್ತಾರು ಅಂತ ಬರೆದಿದಾನೆ. ಇವತ್ತು ಇಪ್ಪತ್ತೆರಡು. ಎರಡು ವಾರದಲ್ಲಿ ಸಾವಿರಕ್ಕೆ ಬರಬೇಕಿತ್ತು ಇದು." ಬಕೆಟ್ಟನ್ನು ಮುಟ್ಟಿ ನೋಡಿದರು. "ಮಂಜುಗಡ್ಡೆ! ಬಾಯ್ಲರ್ ಆರಿಸಿದೋರು ಯಾರು?"

"ನಾನು."

"ಕಿಟಕಿ?"

"ಅದೂ ನಾನೇ. ಅವನು ಹೋಗಬೇಕಲ್ಲ."

ಗ್ವಿಲಿಯಮ್ ತಲೆ ಕೆರೆದುಕೊಂಡರು. ಬೈಯಲಾರದೆ ನಕ್ಕರು. "ಆಂಬ್ರೋಸ್ ಕಿಟಕಿಯಿಂದ ಹೋಗೋನಲ್ಲ ಬಿಡಿ. ಇದನ್ನ ಬಿಟ್ಟಂತೂ ಹೋಗಲ್ಲ. ಇಲ್ಲೇ ಕಪಾಟಿನಲ್ಲಿ ಇದರ ಪಕ್ಕ ನಡುಗ್ತಾ ಕೂತಿದ್ದ ಅಂತ ಕಾಣತ್ತೆ."

ನನಗೆ ಕೋಪ ಬರಬೇಕಿತ್ತು. ನಗು ಬಂತು. ಅವನು ಹೋದ ಮೇಲೆ ಮೊದಲ ಸಲ ನಕ್ಕಿದ್ದು, ಆಮೇಲೆ ಅದು ಅಳುವಾಯಿತು. ಗ್ವಿಲಿಯಮ್ ಬೇರೆ ಕಡೆ ನೋಡುತ್ತ ಲೋಟ ತೊಳೆದರು.

"ಸತ್ತಿದೆಯಾ ಇದು?" ಎಂದು ಕೇಳಿದೆ.

"ಇಲ್ಲ. ಯೀಸ್ಟು ಚಳಿಗೆ ಮಲಗಿದೆ. ಬೆಚ್ಚಗಿಟ್ಟು ಎಬ್ಬಿಸಿದ್ರೆ ಏಳತ್ತೆ. ಆದ್ರೆ ಎಲ್ಲಿ ಇಡೋದು? ಶನಿವಾರ ಈ ಮನೆ ಹೋಗತ್ತೆ. ನಮ್ಮನೇಲಿ ನಾನಿರೋ ಕೋಣೆಯೊಂದೇ ಬೆಚ್ಚಗಿರೋದು, ಅದೂ ನಾನು ಎಚ್ಚರ ಇರೋವರೆಗೆ ಮಾತ್ರ. ಗಂಟೆಗೋಪುರ ಇದಕ್ಕಿಂತ ಚಳಿ. ಉಳಿದ ನಾಲ್ವರಲ್ಲಿ ಮೂವರ ಹೆಂಡತೀರು ಬಾಗಿಲೊಳಗೆ ಬಿಡಲ್ಲ. ನಾಲ್ಕನೆಯವನ ಹತ್ರ ಬಿಟ್ರೆ ಇಪ್ಪತ್ತೊಂದನೇ ತಾರೀಕಿಗೆ ಬಕೆಟ್ಟು ಮಾತ್ರ ಉಳಿಯತ್ತೆ."

ನನ್ನ ಅಡುಗೆಮನೆಯಲ್ಲಿ ಕಲ್ಲಿದ್ದಲಿನ ದೊಡ್ಡ ಒಲೆಯಿದೆ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಅದು ಆರುವುದೇ ಇಲ್ಲ. ಅದು ಅವರಿಗೂ ಗೊತ್ತಿತ್ತು. ಅವರು ಕೇಳಲಿಲ್ಲ, ಅದು ಅವರ ದೊಡ್ಡ ಗುಣ. ನಾನು ಗೋಡೆ ನೋಡುತ್ತ ನಿಂತೆ. ಹೆಂಡ ಕುಡಿಯುವುದಿಲ್ಲ ಎಂದು ಸಹಿ ಹಾಕಿದ್ದೆ. ಅದನ್ನು ಬೇಯಿಸಿ, ಕಾಯಿಸಿ, ಬಡಿಸುವುದಿಲ್ಲ ಎಂದು ಆ ಕಾಗದದಲ್ಲಿ ಇರಲಿಲ್ಲ. ಆದರೆ ಕಾಗದದ ಸಂದಿಯಲ್ಲಿ ನುಸುಳುವುದನ್ನು ನಾನು ಯಾವತ್ತೂ ಮೆಚ್ಚಿದವಳಲ್ಲ. ಇದು ತಪ್ಪೇ ಆದರೆ ತಪ್ಪೆಂದು ತಿಳಿದೇ ಮಾಡಬೇಕು.

"ಆರಿಸಿದ್ದು ನಾನು. ನಾನೇ ಬೆಚ್ಚಗೆ ಮಾಡ್ತೀನಿ. ಕಾರಿಗೆ ಹಾಕಿ," ಎಂದೆ.

ಇದರ ಹಿಂದಿನ ಕಥೆಯನ್ನು ಇಲ್ಲಿ ಹೇಳಬೇಕು. ನಮ್ಮ ಸೀಮೆಯಲ್ಲಿ ಎತ್ತ ತಿರುಗಿದರೂ ಸೇಬಿನ ತೋಟ. ಶರತ್ಕಾಲದಲ್ಲಿ ಯಾರ ಬಾಗಿಲಿಗೆ ಹೋದರೂ ಚೀಲ ತುಂಬಿ ಕೊಡುತ್ತಾರೆ. ಆಂಬ್ರೋಸ್ ಮಾತ್ರ ಅಂಗಡಿಯಿಂದ ಸಿದ್ಧ ಸಾಮಾನಿನ ಪೆಟ್ಟಿಗೆ ತರುತ್ತಿದ್ದ. ಅದರಲ್ಲಿ ಸೇಬಿನ ಪಾಕದ ಒಂದು ಡಬ್ಬಿ, ಯೀಸ್ಟಿನ ಒಂದು ಪೊಟ್ಟಣ, ಮಾಡುವ ವಿಧಾನದ ಒಂದು ಹಾಳೆ. ರುಚಿಗೆಂದು ಅಂಗಡಿಯ ರಸದ ಪೊಟ್ಟಣಗಳನ್ನೂ ಸುರಿಯುತ್ತಿದ್ದ. ಊರವರು ಇದನ್ನು ಆಡಿಕೊಳ್ಳದ ದಿನವಿರಲಿಲ್ಲ. ಮೀನುಗಾರ ಪೇಟೆಯಿಂದ ಡಬ್ಬಿ ಮೀನು ತಂದ ಹಾಗೆ ಎನ್ನುತ್ತಿದ್ದರು. ಅವನು ನಗುತ್ತಿದ್ದ, ಕಾರಣ ಹೇಳುತ್ತಿರಲಿಲ್ಲ.

ನಮಗೂ ಮೂವತ್ತೊಂದು ಮರಗಳಿದ್ದವು. ಅಪ್ಪ ಅವುಗಳ ಹಣ್ಣಿನಿಂದ ಸೈಡರ್ ಮಾಡುತ್ತಿದ್ದ, ಅದರಲ್ಲಿ ಹೆಚ್ಚಿನದನ್ನು ತಾನೇ ಕುಡಿಯುತ್ತಿದ್ದ, ಕುಡಿದಾಗ ಅಮ್ಮನನ್ನು ಹೊಡೆಯುತ್ತಿದ್ದ. ನನಗೆ ಹನ್ನೆರಡಾಗಿದ್ದಾಗ ಕುಡಿತ ಬಿಡಿಸುವ ಒಬ್ಬ ಬೋಧಕರು ಚಾಪೆಲ್ಲಿಗೆ ಬಂದರು. ಅಪ್ಪ ಎದ್ದು ಹೋಗಿ ಸಹಿ ಹಾಕಿದ; ಅವನ ಹಿಂದೆ ನಾನೂ ಹಾಕಿದೆ. ಆ ವಾರವೇ ಕೊಡಲಿ ತೆಗೆದುಕೊಂಡು ಮರಗಳನ್ನೆಲ್ಲ ಕಡಿದ. ಕೊಂಬೆಗಳನ್ನು ನಾನೇ ಎಳೆದು ರಾಶಿ ಹಾಕಿದೆ. ಎಂಟು ವರ್ಷದ ಆಂಬ್ರೋಸ್ ಕೊನೆಯ ಮರ ಹತ್ತಿ ಕುಳಿತುಬಿಟ್ಟ. ಅಪ್ಪ ಕೆಳಗೆ ಕಾಯುತ್ತಿದ್ದ. ಈ ಮರ ಕಡಿಯುವುದಿಲ್ಲವಂತೆ, ಇಳಿ ಎಂದು ನಾನು ಹೇಳಿದೆ. ಅವನು ನಂಬಿ ಇಳಿದ. ಆಮೇಲೆ ಅಪ್ಪ ಅದನ್ನೂ ಕಡಿದ. ಆ ದಿನದಿಂದ ಇನ್ನೊಬ್ಬರ ಮರದ ಹಣ್ಣನ್ನು ಆಂಬ್ರೋಸ್ ಕೈಯಲ್ಲಿ ಮುಟ್ಟಲಿಲ್ಲ. ಅಪ್ಪ ಮಾಡಿದ್ದು ತಪ್ಪೆಂದು ನಾನು ಇಂದಿಗೂ ಹೇಳಲಾರೆ. ಆಮೇಲೆ ಅಪ್ಪ ಅಮ್ಮನ ಮೇಲೆ ಕೈ ಎತ್ತಲಿಲ್ಲ. ನಾನು ಹೇಳಿದ್ದು ಸುಳ್ಳು. ಅದಕ್ಕಾಗಿ ದೇವರಲ್ಲಿ ಕ್ಷಮೆ ಕೇಳಿದ್ದೆ, ತಮ್ಮನಲ್ಲಿ ಕೇಳಿರಲಿಲ್ಲ.

ಬಕೆಟ್ಟು ನನ್ನ ಒಲೆಯ ಪಕ್ಕಕ್ಕೆ ಬಂತು. ಹಳೆಯ ಕಂಬಳಿ ಸುತ್ತಿದೆ. ಮಲಗಿದ್ದನ್ನು ಎಬ್ಬಿಸಲು ಹೊಸ ಯೀಸ್ಟನ್ನು ಬೆಚ್ಚಗಿನ ರಸದಲ್ಲಿ ಕಲಸಿ, ಅದು ಉಕ್ಕಿದ ಮೇಲೆ ಸುರಿಯಬೇಕೆಂದರು ಗ್ವಿಲಿಯಮ್.

"ಕೆಡದ ಹಾಗೆ ಔಷಧಿ ಹಾಕಿದ ರಸ ಆಗಲ್ಲ. ಯೀಸ್ಟು ಸಾಯತ್ತೆ. ಅವನ ಹತ್ರ ಒಳ್ಳೇದು ಉಳಿದಿರಬೇಕು ನೋಡಿ."

ಅವನ ಮನೆಯಿಂದ ತಂದ ಪೆಟ್ಟಿಗೆಯಲ್ಲಿ ಹುಡುಕಿದೆ. ಸೇಬಿನ ರಸದ ಒಂದೇ ಒಂದು ಪೊಟ್ಟಣವಿತ್ತು. ಅದರ ಮೇಲೆ ಪೆನ್ಸಿಲಿನಲ್ಲಿ ಅವನ ಅಕ್ಷರ: ಹೆಸ್ಸಿಗೆ. ಯಾರೂ ಮುಟ್ಟಬೇಡಿ.

ಗ್ವಿಲಿಯಮ್ ತಮ್ಮ ಬೂಟಿನ ಕಡೆ ನೋಡಿಕೊಂಡರು. "ಊಟದ ದಿನಕ್ಕೆ. ನೀವು ಬಂದೇ ಬರ್ತೀರಿ, ಕುಡಿಯೋಕೆ ನಿಮಗೇನಾದ್ರೂ ಬೇಕಲ್ಲ ಅಂತಿದ್ದ. ಬರಲ್ಲ ಕಣೋ ಅಂದೆ. ಸುಮ್ನಿರೋ, ನಮ್ಮಕ್ಕ ನಂಗೊತ್ತು ಅಂದ."

ನಾನು ಕತ್ತರಿಯಿಂದ ಪೊಟ್ಟಣದ ಮೂಲೆ ಕತ್ತರಿಸಿದೆ. ಪಾತ್ರೆಗೆ ಸುರಿದು, ಮಗುವಿನ ಹಾಲಿನಷ್ಟು ಬೆಚ್ಚಗೆ ಮಾಡಿದೆ. ಯೀಸ್ಟು ನನಗೆ ಹೊಸದಲ್ಲ. ಐವತ್ತು ವರ್ಷದಿಂದ ವಾರಕ್ಕೆರಡು ಸಲ ಬ್ರೆಡ್ಡಿನ ಹಿಟ್ಟು ನಾದಿದ್ದೇನೆ. ಅರ್ಧ ಗಂಟೆಯಲ್ಲಿ ನೊರೆ ಎದ್ದಿತು. ಅದನ್ನು ಬಕೆಟ್ಟಿಗೆ ಸುರಿದು, ಉದ್ದನೆಯ ಚಮಚದಿಂದ ಮೆಲ್ಲಗೆ ಕದಡಿ ಮುಚ್ಚಿದೆವು.

ಮರುದಿನ ಮಧ್ಯಾಹ್ನದವರೆಗೆ ಏನೂ ಇಲ್ಲ. ಸಂಜೆ ನಾಲ್ಕಕ್ಕೆ ಚಾಪೆಲ್ಲಿನ ಮಹಿಳಾ ಕೂಟದ ಮೇವಿಸ್ ಪ್ರೀಸ್ ಮಾತಾಡಿಸಲು ಬಂದಳು. ಚಹಾ ಕೊಟ್ಟೆ. ಸ್ವರ್ಗದ ವಿಷಯ ಹೇಳಿ ನನ್ನನ್ನು ಸಮಾಧಾನಪಡಿಸುತ್ತಿದ್ದಳು. ಆಗ ಅವಳ ಹಿಂದೆ ಕಂಬಳಿಯೊಳಗಿನಿಂದ ಗುಳುಕ್ ಎಂದಿತು.

"ಏನೇ ಅದು? ಬೆಕ್ಕು ತಂದಿದೀಯಾ?"

"ಇಲ್ಲ."

ಗುಳುಕ್, ಗುಳುಕ್.

"ನಿನ್ನ ಹೊಟ್ಟೆ ಸರಿಯಿಲ್ವೇನೇ ಹೆಸ್ಟರ್? ದುಃಖದಲ್ಲಿ ಹಾಗಾಗತ್ತೆ. ನಮ್ಮತ್ತೆ ಹೋದಾಗ ನಂಗೂ ಹಾಗೇ ಆಗಿತ್ತು."

"ನನ್ನ ಹೊಟ್ಟೆ ಚೆನ್ನಾಗಿದೆ. ಅದು ಸೈಡರ್."

ಅವಳು ಬಟ್ಟಲನ್ನು ಕೆಳಗಿಟ್ಟಳು. "ನಿನ್ನ ಮನೇಲಿ?"

"ಆಂಬ್ರೋಸಂದು. ಅರ್ಧಕ್ಕೆ ನಿಂತಿತ್ತು. ನಾನು ಮುಗಿಸ್ತಿದೀನಿ."

"ನಿನ್ನ ಮನೇಲಿ, ಹೆಸ್ಟರ್ ಪ್ರೋಬರ್ಟ್! ಹೋದ ವರ್ಷ ನನ್ನ ಹಬ್ಬದ ಕೇಕಿಗೆ ಒಂದು ಚಮಚ ಬ್ರಾಂದಿ ಬಿದ್ದಿದ್ದಕ್ಕೆ ತಟ್ಟೆ ವಾಪಸ್ಸು ಕಳಿಸಿದೋಳು ನೀನು!"

"ಕಳಿಸಿದ್ದೆ."

"ನಾನು ಅತ್ತಿದ್ದೆ ಅವತ್ತು, ಗೊತ್ತಾ ನಿಂಗೆ?"

"ಗೊತ್ತಿರಲಿಲ್ಲ. ತಪ್ಪಾಯ್ತು ಮೇವಿಸ್."

ಅವಳು ಕೋಟು ಹಾಕಿಕೊಂಡು ಹೋದಳು. ಭಾನುವಾರದೊಳಗೆ ಚಾಪೆಲ್ಲಿಗೆಲ್ಲ ಸುದ್ದಿ ಮುಟ್ಟಿತ್ತು. ಬಾಗಿಲಲ್ಲಿ ಹಾಡಿನ ಪುಸ್ತಕ ಕೊಡುತ್ತಿದ್ದಾಗ ಇಬ್ಬರು ನನ್ನ ಕೈಯಿಂದ ತೆಗೆದುಕೊಳ್ಳದೆ ತಾವೇ ರಾಶಿಯಿಂದ ಎತ್ತಿಕೊಂಡರು. ನಮ್ಮ ಪಾದ್ರಿಗಳು ಹೊಸಬರು, ನಲವತ್ತು ದಾಟಿದವರಲ್ಲ. ಸೈಡರ್ ಚಾಪೆಲ್ಲಿನ ಕಟ್ಟಡದಲ್ಲಿ ಇಲ್ಲವಲ್ಲ, ಬಿಡಿ ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. ಗದರಿಸಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

ಪುಸ್ತಕದಲ್ಲಿ ಅವನು ಬರೆದಿಟ್ಟ ಹಾಗೆಯೇ ನಾನು ದಿನವೂ ಬೆಳಿಗ್ಗೆ ಪ್ರಾರ್ಥನೆಯಾದ ಮೇಲೆ ಕಡ್ಡಿ ಇಳಿಸಿ ನೋಡಿದೆ. ಹದಿನೆಂಟು. ಹದಿನೈದು. ಹನ್ನೊಂದು. ಅವನ ಅಂಕಿಗಳ ಕೆಳಗೆ ನನ್ನ ಅಂಕಿಗಳನ್ನು ಬರೆದೆ. ನೋಡಿದ ರಸವನ್ನು ಸಿಂಕಿಗೆ ಚೆಲ್ಲುತ್ತಿದ್ದೆ, ನಾಲಗೆಗೆ ಮುಟ್ಟಿಸಲಿಲ್ಲ. ಜನವರಿ ಕೊನೆಗೆ ಗ್ವಿಲಿಯಮ್ ಖಾಲಿ ಬಾಟಲಿಗಳನ್ನು ಹೊತ್ತು ತಂದರು.

"ಎಂಟಕ್ಕೆ ಬಂದಿದೆ. ಸಾಕು, ಇವತ್ತೇ ತುಂಬೋಣ. ಮೂರೇ ವಾರ ಇರೋದು. ಬಾಟಲಿಯಲ್ಲೂ ಸ್ವಲ್ಪ ದಿನ ಕೂರಬೇಕಲ್ಲ."

"ಮೂರು ದಿನ ಒಂದೇ ಅಂಕಿ ನಿಲ್ಲಬೇಕು ಅಂತ ಬರೆದಿದಾನೆ."

"ಬರೀತಾನೆ. ಹಾಗೆ ಮಾಡ್ತಿರಲಿಲ್ಲ. ಎಂಬತ್ತೆರಡನೇ ಇಸವೀಲಿ ಅವಸರ ಮಾಡಿ ಹನ್ನೊಂದು ಬಾಟಲಿ ಸಿಡಿದ್ವು. ಕಪಾಟಿನ ಬಾಗಿಲೇ ಕಿತ್ತು ಬಂತು."

"ಆಮೇಲೇ ಬರೆದಿರೋದು ಇದನ್ನ. ತಾರೀಕು ನೋಡಿ. ಕಾಯಬೇಕು."

"ಮಿಸ್ ಪ್ರೋಬರ್ಟ್, ಮೂವತ್ತು ವರ್ಷದಿಂದ ಕುಡೀತಿರೋನು ನಾನು."

"ಕುಡಿಯೋರಿಗೆ ಅವಸರ ಇರತ್ತೆ. ನನಗೇನು ಅವಸರ?"

ಅವರು ಕೈಯಲ್ಲಿದ್ದ ಬಾಟಲಿಯನ್ನು ಕೆಳಗಿಟ್ಟರು. "ಇಷ್ಟು ವರ್ಷ ಇವರನ್ನೇ ತಂಡಕ್ಕೆ ಸೇರಿಸ್ಕೋಬೇಕಿತ್ತು," ಎಂದು ಬಾಟಲಿಗಳಿಗೆ ಹೇಳುತ್ತ ಚಹಾಕ್ಕೆ ಕುಳಿತರು.

ಫೆಬ್ರವರಿ ಎರಡು, ಮೂರು, ನಾಲ್ಕು: ಮೂರು ದಿನವೂ ಸಾವಿರದಲ್ಲೇ ನಿಂತಿತು. ನಾಲ್ಕರಂದು ರಬ್ಬರ್ ಕೊಳವೆಯಿಂದ ಬಾಟಲಿಗಿಳಿಸಿದೆವು. ನೊರೆ ಬರಲೆಂದು ಒಂದೊಂದಕ್ಕೆ ಅರ್ಧ ಚಮಚ ಸಕ್ಕರೆ ಹಾಕಿ, ಮುಚ್ಚಳ ಒತ್ತಿದೆವು. ಮೂವತ್ತೆಂಟು ಬಾಟಲಿಗಳಾದವು. ಒಂದು ವಾರ ಒಲೆಯ ಪಕ್ಕ, ಆಮೇಲೆ ಉಗ್ರಾಣದ ನೆಲದ ಮೇಲೆ. ಒಂದೂ ಸಿಡಿಯಲಿಲ್ಲ.

ಇಪ್ಪತ್ತೊಂದರ ಬೆಳಿಗ್ಗೆ ಚಾಪೆಲ್ಲಿನ ಹಿಂದೆ ಬೂದಿಯನ್ನು ಇಟ್ಟೆವು. ನೆಲ ಸಡಿಲವಾಗಿತ್ತು. ಮಧ್ಯಾಹ್ನ ಎರಡಕ್ಕೆ ಗಂಟೆಗಳು ಶುರುವಾದವು. ಆರನೆಯ ಗಂಟೆ ಆಂಬ್ರೋಸನದು. ಅದಕ್ಕೆ ಪಕ್ಕದ ಊರಿನಿಂದ ಒಬ್ಬರು ಬಂದಿದ್ದರು. ಮುಕ್ಕಾಲು ಗಂಟೆ ಬಾರಿಸಿದರು. ನಾನು ಗೋಪುರದ ಹೊರಗೆ ಕಲ್ಲುಬೆಂಚಿನ ಮೇಲೆ ಕುಳಿತು ಕೇಳಿದೆ. ಕೊನೆಯ ಏಟಾದ ಮೇಲೆ ಒಳಗೆ ಹೋದೆ. ಆ ದಿನ ನನ್ನಲ್ಲಿ ಒಂದೇ ಅಂಜಿಕೆ ಇತ್ತು: ಬಾಟಲಿ ತೆರೆದಾಗ ಎಂದಿನಂತೆ ನನ್ನ ಕಾಲು ತಾನಾಗಿ ಬಾಗಿಲ ಕಡೆ ಹೋಗುವುದೇನೋ ಎಂದು.

ಹಗ್ಗಗಳನ್ನು ಮೇಲೆ ಕಟ್ಟಿ, ಕೆಳಗೆ ಮಡಚುವ ಮೇಜು ಹಾಕಿದ್ದರು. ನಾನು ಬ್ರೆಡ್ಡು, ಚೀಸು, ತಣ್ಣನೆಯ ಹಂದಿಮಾಂಸ ತಂದಿದ್ದೆ. ಬಾಟಲಿಗಳೂ ನನ್ನ ಬುಟ್ಟಿಯಲ್ಲೇ ಬಂದಿದ್ದವು. ಮೇಜಿನ ತುದಿಯ ಕುರ್ಚಿಯಲ್ಲಿ ಕುಳಿತೆ. ಗ್ವಿಲಿಯಮ್ ತೆರೆಯಲು ಕೈಚಾಚಿದಾಗ, ಇತ್ತ ಕೊಡಿ ಎಂದು ನಾನೇ ತೆರೆದೆ. ಆರು ಲೋಟಗಳಿಗೂ ನಾನೇ ಸುರಿದೆ. ಗೋಧಿಹುಲ್ಲಿನ ಬಣ್ಣ, ಸಣ್ಣ ನೊರೆ. ನನ್ನ ಲೋಟದಲ್ಲಿ ನೀರಿತ್ತು. ಕಾಲು ಎಲ್ಲಿಗೂ ಹೋಗಲಿಲ್ಲ.

ಅವರು ಕುಡಿದು ಒಬ್ಬರನ್ನೊಬ್ಬರು ನೋಡಿದರು.

"ಹೇಗಿದೆ?" ಎಂದು ಕೇಳಿದೆ.

"ನಿಜ ಹೇಳಲಾ?" ಎಂದರು ಗ್ವಿಲಿಯಮ್.

"ಸುಳ್ಳು ಹೇಳಬೇಡಿ. ದೇವರ ಮನೆ ಇದು."

"ಇನ್ನೂ ಎಳೆಸು. ಒಂದು ತಿಂಗಳು ಬೇಕಿತ್ತು. ಸ್ವಲ್ಪ ಹುಳಿ."

"ಆದ್ರೂ ಅವನ ಕೈದಕ್ಕಿಂತ ಸ್ವಚ್ಛ," ಎಂದರು ಇನ್ನೊಬ್ಬರು. "ಅವನದರಲ್ಲಿ ತಳದ ಕೆಸರೂ ಬರ್ತಿತ್ತು. ಅಗಿದೇ ಕುಡೀಬೇಕಿತ್ತು."

"ಕೇಳಿಸ್ಕೋತಿದಾನೆ, ಮೆಲ್ಲಗೆ ಹೇಳೋ!"

ಎಲ್ಲರೂ ನಕ್ಕರು, ನಾನೂ ನಕ್ಕೆ. ಎರಡನೆಯ ಸಲ ಲೋಟಗಳನ್ನು ತುಂಬಿದೆ. ಅವನು ಗಂಟೆಯ ಲೆಕ್ಕ ತಪ್ಪಿಸಿ ಬಿಷಪ್ಪರ ಎದುರಿಗೇ ತಂಡವನ್ನೆಲ್ಲ ನಿಲ್ಲಿಸಿದ ದಿನದ ಕಥೆ ಬಂತು. ನಾನು ಅವನು ಮರ ಹತ್ತಿ ಕುಳಿತ ದಿನವನ್ನು ಹೇಳಿದೆ, ಕೆಳಗಿಳಿಸಲು ನಾನು ಏನು ಹೇಳಿದೆನೆಂದೂ ಹೇಳಿದೆ. ಡಬ್ಬಿಯ ರಸ ಏಕೆಂದು ಅವರಿಗೆ ಆಗ ತಿಳಿಯಿತು.

ಹೊರಡುವ ಮುಂಚೆ ಗ್ವಿಲಿಯಮ್ ಎದ್ದು ಟೋಪಿ ತೆಗೆದರು. "ಮಿಸ್ ಪ್ರೋಬರ್ಟ್, ನಾವು ಪುಸ್ತಕ ನೋಡಿ ಪ್ರಾರ್ಥನೆ ಓದೋ ಜನ. ನಿಮ್ಮವರು ಬಾಯಿಂದಲೇ ಹೇಳ್ತೀರಿ. ಒಂದು ಮಾತು ಹೇಳಿ ಅವನಿಗಾಗಿ."

ನಮ್ಮ ಚಾಪೆಲ್ಲಿನಲ್ಲಿ ಹೋದವರಿಗಾಗಿ ವಂದನೆ ಸಲ್ಲಿಸುತ್ತೇವೆ. ಅವರ ಪರವಾಗಿ ಬೇಡುವ ವಾಡಿಕೆ ಇಲ್ಲ. ಅವರ ತೀರ್ಪು ಆಗಿಹೋಗಿದೆ ಎನ್ನುತ್ತೇವೆ. ನಾನು ಹಾಗೆಯೇ ನಂಬಿದವಳು. ಎದ್ದು ನಿಂತಾಗ ಬಾಯಿಗೆ ಬೇರೆಯದೇ ಬಂತು.

"ಪರಲೋಕದಲ್ಲಿರುವ ತಂದೆಯೇ, ನನ್ನ ತಮ್ಮ ಆಂಬ್ರೋಸನು ನಿನ್ನ ಬಳಿಗೆ ಬಂದಿದ್ದಾನೆ. ಒಂದು ಕಾಲಿಗೆ ಮಾತ್ರ ಬೂಟಿದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡ. ಅವನು ಯಾರಿಗೂ ಕೆಟ್ಟದ್ದನ್ನು ಬಯಸಿದವನಲ್ಲ. ನಾನು ಅವನಿಗೆ ಸುಳ್ಳಾಡಿದೆ, ಅವನ ಮೇಜಿನಿಂದ ಎದ್ದು ಹೋದೆ. ಆ ಭಾರ ನನ್ನ ಮೇಲಿರಲಿ, ಅವನ ಮೇಲೆ ಬೇಡ. ಚಳಿಯಿರದ ಜಾಗದಲ್ಲಿ ಅವನನ್ನು ಕೂರಿಸು. ಅವನ ಹೆಂಡತಿಯನ್ನೂ ನಮ್ಮ ಅಪ್ಪ ಅಮ್ಮನನ್ನೂ ಅವನ ಹತ್ತಿರವೇ ಇರಿಸು. ಕರ್ತನೇ, ನಿನ್ನ ದಾಸನ ಆತ್ಮಕ್ಕೆ ಶಾಂತಿಯನ್ನು ಕೊಡು. ಆಮೆನ್."